ರ‍್ಯಾಮ್ ಹಾಕಿಸುವ ಮುನ್ನ: ದಾವಣಗೆರೆಯ ಹಳೆಯ ಸಿಸ್ಟಂಗಳ ಲೆಕ್ಕ

ಪಿ.ಜೆ. ಬಡಾವಣೆಯಲ್ಲಿ ನಮ್ಮ ಅಂಗಡಿಯಿಂದ ನಾಲ್ಕು ಬಾಗಿಲು ಆಚೆಗೆ ಲಗ್ನಪತ್ರಿಕೆ ಮಾಡುವ ಒಬ್ಬ ಅಕ್ಕ ಇದ್ದಾರೆ. 2025ರ ನವೆಂಬರ್‌ನಲ್ಲಿ ಅವರು ಎರಡು ಚೀಟಿ ಹಿಡಿದು ಬಂದರು. ಒಂದರಲ್ಲಿ ಹಳೆಯ ಕಂಪ್ಯೂಟರ್ ಸಿಸ್ಟಂಗೆ ಎಂಟು ಜಿಬಿ ರ‍್ಯಾಮ್ (ಕೆಲಸದ ಹೊತ್ತಿನಲ್ಲಿ ಸಿಸ್ಟಂ ಬಳಸುವ ತಾತ್ಕಾಲಿಕ ಮೆಮೊರಿ) ಹಾಕಿ, ಡಿಸ್ಕ್ ಅಳಿಸಿ ಫಾರ್ಮ್ಯಾಟ್ ಮಾಡಿಕೊಡುವ ಖರ್ಚು ಬರೆದಿತ್ತು. ಇನ್ನೊಂದು ಹೊಸ ಸಿಸ್ಟಂನ ಕೊಟೇಶನ್. "ಯಾವುದು ಮಾಡಿಸಲಿ, ಹೇಳಣ್ಣ" ಎಂದರು. ಎರಡೂ ಬೇಡ ಎಂದು ಅವರಿಗೆ ಮನವರಿಕೆ ಮಾಡಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯ ಮಾತನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ಅಂಥ ಎರಡು ಚೀಟಿಗಳು ಈಗ ಊರಿನ ಬಹಳ ಜನರ ಕೈಯಲ್ಲಿವೆ. ಡಿ.ಟಿ.ಪಿ. ಅಂಗಡಿಯವರು, ಮದುವೆ ವಿಡಿಯೊ ಮಾಡುವವರು, ಮನೆ ನಕ್ಷೆ ಬರೆಯುವ ಸಿವಿಲ್ ಎಂಜಿನಿಯರ್‌ಗಳು, ಲೆಕ್ಕಪತ್ರ ಬರೆಯುವವರು ಎಲ್ಲರೂ ಒಂದೇ ಗೊಂದಲದಲ್ಲಿದ್ದಾರೆ.

ಗೊಂದಲ ಈಗಲೇ ಏಕೆ ಬಂದಿತು ಎಂಬುದಕ್ಕೆ ಎರಡು ಕಾರಣಗಳಿವೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸಿಸ್ಟಂ ಅಂದೇನೂ ನಿಂತುಹೋಗಲಿಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳನ್ನು ಮುಚ್ಚುವ ಅಪ್‌ಡೇಟ್‌ಗಳು ಮಾತ್ರ ನಿಂತವು. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಿಸ್ತರಣೆ ಕೊಡಲಾಯಿತು. ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿಕೊಂಡರೆ ಅದಕ್ಕೆ ಹಣವಿಲ್ಲ, ಇಲ್ಲವಾದರೆ 30 ಡಾಲರ್. ಸಂಸ್ಥೆಗಳಿಗೆ ದರವೇ ಬೇರೆ. ಸಿಸ್ಟಂ ಒಂದಕ್ಕೆ ಮೊದಲ ವರ್ಷ 61 ಡಾಲರ್, ಮುಂದಿನ ಪ್ರತಿ ವರ್ಷವೂ ಅದರ ದುಪ್ಪಟ್ಟು, ಅದೂ ಮೂರೇ ವರ್ಷ.

ಎರಡನೆಯ ಕಾರಣ ರ‍್ಯಾಮ್ ಬೆಲೆ. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್‌ಗಳನ್ನು ಮಾಡುವವು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಬೇಕಾಗುವ, ಪದರದ ಮೇಲೆ ಪದರ ಪೇರಿಸಿದ ದುಬಾರಿ ಮೆಮೊರಿಯಲ್ಲಿ ಲಾಭ ಹೆಚ್ಚು. ಮೂರೂ ಕಂಪನಿಗಳು ತಮ್ಮ ಕಾರ್ಖಾನೆಗಳನ್ನು ಆ ಕಡೆ ತಿರುಗಿಸಿದವು. ಹಿಂದಿನ ತಲೆಮಾರಿನ ರ‍್ಯಾಮ್ ಆದ ಡಿಡಿಆರ್4ರ ತಯಾರಿಕೆಯನ್ನು ಕಡಿಮೆ ಮಾಡುತ್ತಾ ಬಂದವು. 2025ರ ಕೊನೆಯ ತಿಂಗಳುಗಳಲ್ಲಿ ಈಗಿನ ತಲೆಮಾರಿನ ಡಿಡಿಆರ್5 ರ‍್ಯಾಮ್‌ನ ಬೆಲೆ ದುಪ್ಪಟ್ಟು ದಾಟಿತು, ಡಿಡಿಆರ್4 ಕೂಡ ಹಿಂದೆಯೇ ಏರಿತು. ನಮ್ಮ ಅಂಗಡಿಗಳಲ್ಲಿ ಬಹುಕಾಲದಿಂದ ಪರಿಚಿತವಾದ ಕ್ರೂಷಿಯಲ್ ಹೆಸರಿನ ಬಿಡಿ ಮಾರಾಟವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಈ ಎರಡನೆಯ ಸಂಗತಿ ಊರಿನ ರಿಪೇರಿ ಅಂಗಡಿಗಳ ಹಳೆಯ ಬುದ್ಧಿಮಾತನ್ನು ತಲೆಕೆಳಗು ಮಾಡಿದೆ. ಇಪ್ಪತ್ತು ವರ್ಷಗಳಿಂದ ನಾವು ಕೇಳುತ್ತಾ ಬಂದದ್ದು ಒಂದೇ ಮಾತು: ಸಿಸ್ಟಂ ನಿಧಾನವಾಯಿತೇ, ರ‍್ಯಾಮ್ ಹಾಕಿಸಿ. ರ‍್ಯಾಮ್ ಅಗ್ಗವಾಗಿದ್ದಾಗ ಆ ಸಲಹೆ ತಪ್ಪಾದರೂ ನಷ್ಟ ಸಣ್ಣದಿತ್ತು. ಈಗ ಹಾಗಿಲ್ಲ. ನಿಮ್ಮ ಕ್ಯಾಬಿನೆಟ್ಟಿನೊಳಗೆ ಈಗಾಗಲೇ ಕೂತಿರುವ ರ‍್ಯಾಮ್ ಪಟ್ಟಿಗಳೇ ಬೆಲೆಬಾಳುವ ವಸ್ತುವಾಗಿವೆ. ಅವುಗಳನ್ನು ಉಳಿಸಿಕೊಂಡು ಬೇರೆ ಏನನ್ನು ಬದಲಿಸಬಹುದು ಎಂದು ಕೇಳಬೇಕಾದ ಕಾಲ ಇದು.

ಅದಕ್ಕೂ ಮೊದಲು ನೀವು ದಿನದಲ್ಲಿ ಎಲ್ಲಿ ಕಾಯುತ್ತೀರಿ ಎಂಬುದನ್ನು ನೋಡಿಕೊಳ್ಳಬೇಕು. "ಸಿಸ್ಟಂ ಸ್ಲೋ" ಎಂಬ ಎರಡು ಪದಗಳಲ್ಲಿ ಹತ್ತು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಬೆಳಗ್ಗೆ ಗುಂಡಿ ಒತ್ತಿ ಟೀ ಕುಡಿದು ಬರುವಷ್ಟು ಹೊತ್ತು ಕಾಯುತ್ತೀರೋ? ದೊಡ್ಡ ಫೋಟೊ ತೆರೆದಾಗಲೋ? ಪ್ರಿಂಟ್ ಕೊಟ್ಟ ಮೇಲೋ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಕಾಯುತ್ತಿರುವ ಆ ಹೊತ್ತಿನಲ್ಲೇ ಅದನ್ನು ತೆರೆದು ನೋಡಿ. ಡಿಸ್ಕ್ ನೂರಕ್ಕೆ ನೂರು ತೋರಿಸಿ ಪ್ರೊಸೆಸರ್ ಸುಮ್ಮನಿದ್ದರೆ ರೋಗ ಹಾರ್ಡ್ ಡಿಸ್ಕಿನದು. ಮೆಮೊರಿ ತೊಂಬತ್ತು ದಾಟಿದ್ದರೆ ಮಾತ್ರ ರ‍್ಯಾಮ್‌ನ ಮಾತು. ಪ್ರೊಸೆಸರ್ ನೂರರಲ್ಲಿ ನಿಂತಿದ್ದರೆ ಆಗ ಬೋರ್ಡು (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್), ಪ್ರೊಸೆಸರ್ ಬದಲಾವಣೆಯ ಬಗ್ಗೆ ಯೋಚಿಸಬೇಕು.

ಅಕ್ಕನ ಸಿಸ್ಟಂನಲ್ಲಿ ಮೆಮೊರಿ ಅರ್ಧವೂ ತುಂಬಿರಲಿಲ್ಲ. ಡಿಸ್ಕ್ ನೂರರಲ್ಲೇ ಕೂತಿತ್ತು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 7200 ಸುತ್ತು ಹೊಡೆಯುವ ತಟ್ಟೆಯ ಮೇಲೆ ಒಂದು ಸಣ್ಣ ಕೈ ಓಡಾಡಿ ಮಾಹಿತಿಯನ್ನು ಹುಡುಕುತ್ತದೆ. ಪ್ರತಿ ಹುಡುಕಾಟಕ್ಕೂ ಸುಮಾರು ಸೆಕೆಂಡಿನ ನೂರನೆಯ ಒಂದು ಭಾಗ ಬೇಕು. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಕಡತಗಳನ್ನು ಕೇಳುತ್ತದೆ, ಆ ಕೈ ಒಂದೊಂದಕ್ಕೂ ಓಡಿ ಓಡಿ ಬರಬೇಕು. ಎಸ್‌ಎಸ್‌ಡಿಯಲ್ಲಿ ತಟ್ಟೆಯ ಬದಲು ಚಿಪ್‌ಗಳಿವೆ, ತಿರುಗುವುದೂ ಇಲ್ಲ, ಓಡುವುದೂ ಇಲ್ಲ. ಅಂಥ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ಸಾವಿರಗಟ್ಟಲೆ ಕೊಡುತ್ತದೆ. ಹಳೆಯ ಬೋರ್ಡಿನ ಸಾಟಾ ಕೇಬಲ್ಲಿಗೆ ಸಿಕ್ಕಿಸಿದ ಸಾಧಾರಣ ಎಸ್‌ಎಸ್‌ಡಿಯೂ ಬೋರ್ಡಿಗೆ ತಕ್ಕಂತೆ ಸೆಕೆಂಡಿಗೆ 250ರಿಂದ 500 ಎಂಬಿಯವರೆಗೆ ಓದುತ್ತದೆ, ಹಾರ್ಡ್ ಡಿಸ್ಕ್ ನೂರು ನೂರೈವತ್ತರಲ್ಲೇ ನಿಲ್ಲುತ್ತದೆ. 2011ರ ಆಚೀಚಿನ ಸಿಸ್ಟಂಗೂ ಇದರಿಂದ ಹೊಸ ಉಸಿರು ಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಎಸ್‌ಎಸ್‌ಡಿ ಬೆಲೆಯೂ ಈಗ ಏರುಮುಖವಾಗಿದೆ ನಿಜ. ಆದರೂ 256 ಜಿಬಿಯ ಒಂದನ್ನು ಹಾಕಿಸಿ, ಹಳೆಯ ಹಾರ್ಡ್ ಡಿಸ್ಕನ್ನು ಕಡತಗಳ ಉಗ್ರಾಣವಾಗಿ ಉಳಿಸಿಕೊಳ್ಳುವುದಕ್ಕೆ ಸಮನಾದ ಇನ್ನೊಂದು ಖರ್ಚು ನನಗೆ ಗೊತ್ತಿಲ್ಲ.

ಚೀಟಿಯಲ್ಲಿದ್ದ "ಫಾರ್ಮ್ಯಾಟ್" ಎಂಬ ಪದವೇ ನನ್ನನ್ನು ಹೆಚ್ಚು ಹೆದರಿಸಿದ್ದು. ಅದರ ಕಥೆ ಹೇಳಲೇಬೇಕು.

ನಮ್ಮ ಕಡೆಯ ಎಷ್ಟೋ ಅಚ್ಚುಕೂಟಗಳು, ಡಿ.ಟಿ.ಪಿ. ಅಂಗಡಿಗಳು ಇಂದಿಗೂ ಪೇಜ್‌ಮೇಕರ್ 7ರಲ್ಲಿ ಕೆಲಸ ಮಾಡುತ್ತವೆ. ಅದು 2001ರಲ್ಲಿ ಬಂದ, ಪುಟ ಜೋಡಿಸುವ ತಂತ್ರಾಂಶ, ಪೇಜ್‌ಮೇಕರ್‌ನ ಕೊನೆಯ ಆವೃತ್ತಿ. ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಇರುವ ಯುನಿಕೋಡ್ ಕನ್ನಡ ಅದಕ್ಕೆ ಬರುವುದಿಲ್ಲ. ಹಾಗಾಗಿ ಹಳೆಯ ನುಡಿ, ಶ್ರೀಲಿಪಿ ಮುಂತಾದ ಕನ್ನಡ ತಂತ್ರಾಂಶಗಳ ಫಾಂಟುಗಳಲ್ಲೇ ಅಕ್ಷರ ಜೋಡಿಸಬೇಕು. ಆ ಫಾಂಟುಗಳಲ್ಲಿ ಕನ್ನಡದ ಅಕ್ಷರ, ಗುಣಿತ, ಒತ್ತುಗಳ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳ ಜಾಗದಲ್ಲಿ ಕೂರಿಸಲಾಗಿದೆ. ಕಡತದೊಳಗೆ ಕನ್ನಡ ಇರುವುದೇ ಇಲ್ಲ. ಫಾಂಟು ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅರ್ಥವಿಲ್ಲದ ಗುರುತುಗಳ ರಾಶಿ. ಅದೇ ಹೆಸರಿನ ಬೇರೆ ಆವೃತ್ತಿಯ ಫಾಂಟು ಹಾಕಿದರೆ ಇನ್ನೂ ಅಪಾಯ, ಏಕೆಂದರೆ ಮುಕ್ಕಾಲು ಪಾಲು ಸರಿಯಾಗಿಯೇ ಕಾಣುತ್ತದೆ, ಎಲ್ಲೋ ಒಂದು ಒತ್ತು ಮಾತ್ರ ಬದಲಾಗಿರುತ್ತದೆ. ವರನ ಅಜ್ಜನ ಹೆಸರಿನಲ್ಲಿ ಆ ಒತ್ತು ಬಿದ್ದುಹೋದರೆ ಐನೂರು ಪತ್ರಿಕೆಗಳನ್ನು ಮತ್ತೆ ಮುದ್ರಿಸಬೇಕು.

ಕೆಲವು ವರ್ಷಗಳ ಹಿಂದೆ ನನಗೆ ಬೇಕಾದವರ ಅಂಗಡಿಯಲ್ಲಿ ಇದೇ ಆಯಿತು. ರಿಪೇರಿಗೆ ಬಂದ ಹುಡುಗ ವೈರಸ್ ಇದೆ ಎಂದು ಸಿ ಡ್ರೈವನ್ನು ಪೂರ್ತಿ ಅಳಿಸಿದ. ಹತ್ತು ಹನ್ನೆರಡು ವರ್ಷಗಳಲ್ಲಿ ಅಲ್ಲಿಂದ ಇಲ್ಲಿಂದ ಬಂದು ಸೇರಿದ್ದ ಫಾಂಟುಗಳೆಲ್ಲ ಫಾಂಟ್ಸ್ ಫೋಲ್ಡರಿನಲ್ಲೇ ಇದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಡಿ ಡ್ರೈವಿನಲ್ಲಿದ್ದ ಸಾವಿರಾರು ಕಡತಗಳು ಉಳಿದವು, ಆದರೆ ಓದಲು ಬಾರದ ಸ್ಥಿತಿಯಲ್ಲಿ. ಮಠದ ಜಾತ್ರೆಯ ಪತ್ರಿಕೆಗಳು, ಸಹಕಾರ ಸಂಘದ ವರದಿಗಳು, ತೀರಿಹೋದ ಕವಿಯೊಬ್ಬರ ಅಚ್ಚಾಗದ ಕವಿತೆಗಳ ಕಟ್ಟು. ಆ ಹುಡುಗನನ್ನು ದೂರಿ ಫಲವಿಲ್ಲ, ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಸಂಕಟವಾಗುವುದು ಇನ್ನೊಂದಕ್ಕೆ. ಈ ಜಿಲ್ಲೆಯ ಎರಡು ಮೂರು ದಶಕಗಳ ಅಚ್ಚಿನ ಕನ್ನಡ ಇಂಥ ಸಿಸ್ಟಂಗಳೊಳಗೆ ಬೀಗ ಹಾಕಿಕೊಂಡು ಕೂತಿದೆ, ಬೀಗದಕೈ ಎಲ್ಲಿದೆ ಎಂದು ಅಂಗಡಿಯವರಿಗೇ ನೆನಪಿಲ್ಲ.

ಆದ್ದರಿಂದ ಹಳೆಯ ಡಿ.ಟಿ.ಪಿ. ಸಿಸ್ಟಂ ಬದಲಿಸುವಾಗ ಮೊದಲ ಕೆಲಸ ಫಾರ್ಮ್ಯಾಟ್ ಆಗಬಾರದು, ಕ್ಲೋನ್ ಆಗಬೇಕು. ಇದ್ದ ಡಿಸ್ಕನ್ನು ಇದ್ದ ಹಾಗೆಯೇ ಎಸ್‌ಎಸ್‌ಡಿಗೆ ನಕಲು ಮಾಡಿಸಿ. ಹಳೆಯ ಡಿಸ್ಕನ್ನು ತಾರೀಖು ಬರೆದು ಬೀರುವಿನಲ್ಲಿಡಿ. ಫಾಂಟುಗಳ ಫೋಲ್ಡರನ್ನು ಪ್ರತ್ಯೇಕವಾಗಿ ಎರಡು ಕಡೆ ಇಟ್ಟುಕೊಳ್ಳಿ. ಡಿಸ್ಕ್ ಪೂರ್ತಿ ಕೆಟ್ಟ ಮೇಲೆ ಇದೊಂದೂ ಸಾಧ್ಯವಿಲ್ಲ, ಅದಕ್ಕೇ ಸದ್ದು ಬದಲಾದ ದಿನವೇ ಮಾಡಬೇಕು. ಒಂದು ಎಚ್ಚರಿಕೆ: ವಿಂಡೋಸ್ ಎಕ್ಸ್‌ಪಿಗೆ ಎಸ್‌ಎಸ್‌ಡಿಯನ್ನು ಚೊಕ್ಕಟವಾಗಿಡುವ ಟ್ರಿಮ್ ಎಂಬ ವ್ಯವಸ್ಥೆ ಗೊತ್ತಿಲ್ಲ, ವಿಂಡೋಸ್ 7ರಿಂದ ಈಚೆಗೆ ಅದು ಇದೆ.

ಹೊಸ ಸಿಸ್ಟಂ ಕೊಂಡ ಮಾತ್ರಕ್ಕೆ ಈ ಹಳೆಯ ಕೆಲಸ ಅಲ್ಲಿಗೆ ಬರುವುದಿಲ್ಲ ಎಂಬುದನ್ನು ಮಾರುವವರು ಹೇಳುವುದಿಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಎಂಬ ಹಳೆಯ ಬಗೆಯ ಆವೃತ್ತಿಯೇ ಇಲ್ಲ. 32 ಬಿಟ್ ತಂತ್ರಾಂಶಗಳು ಅದರಲ್ಲಿ ಓಡುತ್ತವೆ, ಆದರೆ ಪ್ರಿಂಟರ್‌ನಂಥ ಯಂತ್ರಗಳನ್ನು ನಡೆಸುವ 32 ಬಿಟ್ ಡ್ರೈವರ್‌ಗಳು ಓಡುವುದಿಲ್ಲ. ಹಳೆಯ ಸ್ಕ್ಯಾನರ್, ಹಳೆಯ ಕಟಿಂಗ್ ಪ್ಲಾಟರ್, ಹಳೆಯ ಲೇಸರ್ ಪ್ರಿಂಟರ್‌ಗೆ ತಯಾರಕರು 64 ಬಿಟ್ ಡ್ರೈವರ್ ಬಿಡದಿದ್ದರೆ ಅವೂ ಹೊರಗೆ ಹೋಗುತ್ತವೆ. ಇನ್‌ಡಿಸೈನ್ ಎಂಬ ಹೊಸ ಪುಟ ಜೋಡಣೆಯ ತಂತ್ರಾಂಶ ತೆಗೆದುಕೊಂಡರಾಯಿತು ಎನ್ನುವವರಿಗೂ ಒಂದು ಮಾತು. ಸಿಎಸ್6ರವರೆಗಿನ ಇನ್‌ಡಿಸೈನ್ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತಿತ್ತು, ಆಮೇಲಿನ ಸಿಸಿ ಆವೃತ್ತಿಗಳು ತೆರೆಯುವುದಿಲ್ಲ.

ಹೊಸದು ಕೊಳ್ಳುವವರಿಗೆ ನಾನು ಸೂಚಿಸುವ ದಾರಿ, ಹಳೆಯ ಸಿಸ್ಟಂ ಅನ್ನು ಹೊಸದರ ಹೊಟ್ಟೆಯೊಳಗೆ ಇಡುವುದು. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯ ವಿಂಡೋಸ್, ಹಳೆಯ ಪೇಜ್‌ಮೇಕರ್, ಹಳೆಯ ಫಾಂಟು ಎಲ್ಲವನ್ನೂ ಒಂದು ಕಿಟಕಿಯೊಳಗೆ ಓಡಿಸಬಹುದು. ಅದಕ್ಕೆ ಇಂಟರ್ನೆಟ್ ಕೊಡಬಾರದು. ಯುಎಸ್‌ಬಿ ಡಾಂಗಲ್ (ತಂತ್ರಾಂಶದ ಪರವಾನಗಿ ಇರುವ ಕೀಲಿ) ಇದ್ದರೆ ಸಾಮಾನ್ಯವಾಗಿ ಒಳಕ್ಕೆ ದಾಟಿಸಬಹುದು, ಹಳೆಯ ಪ್ಯಾರಲಲ್ ಪೋರ್ಟಿನ ಡಾಂಗಲ್ ಆದರೆ ಕಷ್ಟ. ಇಡೀ ಹಳೆಯ ಸಿಸ್ಟಂ ಒಂದೇ ಕಡತವಾಗುವುದರಿಂದ ಪೆನ್‌ಡ್ರೈವಿನಲ್ಲಿ ಅದರ ಪ್ರತಿ ಇಟ್ಟುಕೊಳ್ಳಬಹುದು. ಇದರ ಜೊತೆಗೇ ಹೊಸ ಕೆಲಸವನ್ನೆಲ್ಲ ಯುನಿಕೋಡ್‌ನಲ್ಲಿ ಶುರು ಮಾಡಬೇಕು. ಹಳೆಯದನ್ನು ಬದಲಾಯಿಸಲು ಪರಿವರ್ತಕಗಳಿವೆ, ಅರ್ಕಾವತ್ತು ಮತ್ತು ಎರಡೆರಡು ಒತ್ತು ಬರುವಲ್ಲಿ ಮಾತ್ರ ಕಣ್ಣಿಟ್ಟು ಓದಬೇಕು.

ಇನ್ನು ವಿಂಡೋಸ್ 11ರ ಅರ್ಹತೆ. 2021ರ ಅಕ್ಟೋಬರ್‌ನಲ್ಲಿ ಬಂದ ಅದು ಇಂಟೆಲ್‌ನಲ್ಲಿ ಸುಮಾರಾಗಿ ಎಂಟನೆಯ ತಲೆಮಾರಿನಿಂದ ಈಚಿನ, ಎಎಂಡಿಯಲ್ಲಿ ರೈಜನ್ 2000 ಸಾಲಿನಿಂದ ಈಚಿನ ಪ್ರೊಸೆಸರ್‌ಗಳನ್ನು ಒಪ್ಪುತ್ತದೆ. ತಲೆಮಾರನ್ನು ಹೆಸರಿನಲ್ಲೇ ಓದಬಹುದು. ಐ5-7400 ಎಂದರೆ ಏಳನೆಯದು, ಐ5-10400 ಎಂದರೆ ಹತ್ತನೆಯದು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು. ಇಲ್ಲೊಂದು ಮೋಸ ಹೋಗುವ ಜಾಗವಿದೆ. ಎಂಟು, ಒಂಬತ್ತನೆಯ ತಲೆಮಾರಿನ ಅಸೆಂಬಲ್ಡ್ ಸಿಸ್ಟಂಗಳಲ್ಲಿ ಟಿಪಿಎಂ ಇರುತ್ತದೆ, ಆದರೆ ಸಿಸ್ಟಂ ಏಳುವಾಗಿನ ಮೂಲ ಸೆಟ್ಟಿಂಗ್‌ಗಳಾದ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡುಗಳಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಹೆಚ್ಚಿನ ಸಲ ಅದನ್ನು ಆನ್ ಮಾಡಿದರೆ ಸಾಕು, ನಿಮ್ಮ ಸಿಸ್ಟಂ ಅರ್ಹವಾಗುತ್ತದೆ. ಆಗುವುದಿಲ್ಲ ಎಂಬ ಉತ್ತರ ಕೇಳಿ ಹೊಸದಕ್ಕೆ ಹಣ ಕೊಟ್ಟವರನ್ನು ನಾನು ನೋಡಿದ್ದೇನೆ. ಅರ್ಹತೆಯ ಪರೀಕ್ಷೆಯನ್ನೇ ತಪ್ಪಿಸಿ ಹಳೆಯ ಸಿಸ್ಟಂಗೆ ವಿಂಡೋಸ್ 11 ಹಾಕಿಕೊಡುವವರೂ ಇದ್ದಾರೆ. ಅದು ಓಡಬಹುದು, ಆದರೆ ಅಪ್‌ಡೇಟ್ ಬರುತ್ತದೆ ಎಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ದುಡಿಮೆಯ ಸಿಸ್ಟಂಗೆ ಅದನ್ನು ಮಾಡಿಸಬೇಡಿ.

ಆರು ಮತ್ತು ಏಳನೆಯ ತಲೆಮಾರಿನವರದ್ದೇ ನಿಜವಾದ ಪೇಚು, ಮತ್ತು ರ‍್ಯಾಮ್ ಲೆಕ್ಕ ಇಲ್ಲಿಗೇ ಬಂದು ಕೂಡುತ್ತದೆ. 2015ರಿಂದ 2017ರ ನಡುವೆ ಬಂದ ಆ ಪ್ರೊಸೆಸರ್‌ಗಳು ವಿಂಡೋಸ್ 11ಕ್ಕೆ ಅನರ್ಹ. ಆದರೆ ಅವುಗಳ ಜೊತೆಗಿರುವ ರ‍್ಯಾಮ್ ಬಹುತೇಕ ಡಿಡಿಆರ್4. ಇಂಟೆಲ್‌ನ 12ರಿಂದ 14ನೆಯ ತಲೆಮಾರಿನ ಪ್ರೊಸೆಸರ್‌ಗಳಿಗೆ ಡಿಡಿಆರ್4 ತೆಗೆದುಕೊಳ್ಳುವ ಬೋರ್ಡುಗಳೂ ಇವೆ, ಡಿಡಿಆರ್5 ತೆಗೆದುಕೊಳ್ಳುವವೂ ಇವೆ. ಒಂದರ ಪಟ್ಟಿ ಇನ್ನೊಂದರಲ್ಲಿ ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಡಿಡಿಆರ್4 ಬೋರ್ಡು ಮತ್ತು ಒಂದು ಸಾಧಾರಣ 12ನೆಯ ತಲೆಮಾರಿನ ಪ್ರೊಸೆಸರ್ ಮಾತ್ರ ಕೊಂಡು, ಇದ್ದ ರ‍್ಯಾಮ್, ಇದ್ದ ಎಸ್‌ಎಸ್‌ಡಿ, ಇದ್ದ ಕ್ಯಾಬಿನೆಟ್, ಇದ್ದ ಮಾನಿಟರ್ ಉಳಿಸಿಕೊಳ್ಳಬಹುದು. ಇದನ್ನು ಅಪ್‌ಗ್ರೇಡ್ ಎನ್ನಬೇಕೋ ಹೊಸ ಸಿಸ್ಟಂ ಎನ್ನಬೇಕೋ, ಹೆಸರು ಏನಾದರೂ ಇರಲಿ. ಈಗಿನ ಮಟ್ಟಿಗೆ ಅತಿ ಹೆಚ್ಚು ಹಣ ಉಳಿಸುವ ದಾರಿ ಇದು, ಕೊಟೇಶನ್ ಚೀಟಿಯಲ್ಲಿ ತಾನಾಗಿ ಬರೆದು ಬರದ ದಾರಿಯೂ ಇದೇ. ಕೇಳಿ ಬರೆಸಿಕೊಳ್ಳಬೇಕು.

ಎಎಂಡಿಯ ಪ್ರೊಸೆಸರ್ ಕೂರುವ ಎಎಂ4 ಎಂಬ ಬಗೆಯ ಬೋರ್ಡು ಇರುವವರಿಗೆ ಇನ್ನೂ ಸುಲಭ. ಮೊದಲ ರೈಜನ್ 1600 ಕೂತಿದ್ದ ಎಷ್ಟೋ ಬೋರ್ಡುಗಳಲ್ಲಿ ಬಯಾಸ್ ಅಪ್‌ಡೇಟ್ ಮಾಡಿದರೆ ರೈಜನ್ 5 5600 ಕೂರುತ್ತದೆ. ಬೋರ್ಡಿನ ತಯಾರಕರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಇದ್ದರೆ ಒಂದೇ ಪ್ರೊಸೆಸರ್ ಬದಲಾವಣೆಯಿಂದ ವೇಗವೂ ಬಂತು, ವಿಂಡೋಸ್ 11ರ ಅರ್ಹತೆಯೂ ಬಂತು. ನಾಲ್ಕನೆಯ ತಲೆಮಾರು ಮತ್ತು ಅದಕ್ಕೂ ಹಳೆಯವರ ರ‍್ಯಾಮ್ ಡಿಡಿಆರ್3, ಅದು ಮುಂದಕ್ಕೆ ಬರುವುದಿಲ್ಲ. ಅಂಥ ಸಿಸ್ಟಂಗೆ ಎಸ್‌ಎಸ್‌ಡಿಗಿಂತ ಹೆಚ್ಚಿನ ಒಂದು ರೂಪಾಯಿಯನ್ನೂ ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮದುವೆ ವಿಡಿಯೊ ಮಾಡುವವರ ವಿಷಯಕ್ಕೆ ಬಂದರೆ ನನ್ನ ಸಲಹೆ ಪೂರ್ತಿ ಬೇರೆ. ಈಗಿನ ಎಷ್ಟೋ ಕ್ಯಾಮೆರಾಗಳು 4ಕೆ ಚಿತ್ರವನ್ನು ಎಚ್.265 ಎಂಬ ಬಿಗಿಯಾದ ರೂಪದಲ್ಲಿ, ಅದರಲ್ಲೂ 10 ಬಿಟ್ 4:2:2 ಎಂಬ, ಬಣ್ಣದ ವಿವರ ಹೆಚ್ಚಿರುವ ಬಗೆಯಲ್ಲಿ ಬರೆದಿಡುತ್ತವೆ. ಅದನ್ನು ಬಿಚ್ಚಿ ಟೈಮ್‌ಲೈನ್‌ನಲ್ಲಿ ಓಡಿಸಲು ಚಿಪ್ಪಿನೊಳಗೇ ಅದಕ್ಕೆಂದು ಮಾಡಿದ ವಿಭಾಗ ಬೇಕು. ಇಂಟೆಲ್‌ನಲ್ಲಿ 11ನೆಯ ತಲೆಮಾರಿನಿಂದ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಆ ಶಕ್ತಿ ಬಂದಿತು. ಎನ್ವಿಡಿಯಾ ಕಾರ್ಡುಗಳಿಗೆ ಬಂದದ್ದು 2025ರ ಆರ್‌ಟಿಎಕ್ಸ್ 50 ಸಾಲಿನಲ್ಲಿ. ಹಳೆಯ ಸಿಸ್ಟಂಗೆ 32 ಜಿಬಿ ರ‍್ಯಾಮ್ ಹಾಕಿದರೂ, ಅತಿ ವೇಗದ ಎಸ್‌ಎಸ್‌ಡಿ ಹಾಕಿದರೂ ಮುಹೂರ್ತದ ದೃಶ್ಯ ತಡವರಿಸುತ್ತಲೇ ಇರುತ್ತದೆ. ಸಾವಿರಾರು ರೂಪಾಯಿ ಸುರಿದು, ಆಮೇಲೂ ರಾತ್ರಿಯಿಡೀ ಕೂತು ನಿದ್ದೆಗೆಟ್ಟ ಹುಡುಗರನ್ನು ಕಂಡು ಮನಸ್ಸು ಹಿಂಡಿದೆ. ಈ ಕೆಲಸಕ್ಕೆ ಹೊಸ ಬೋರ್ಡು, ಹೊಸ ಪ್ರೊಸೆಸರ್ ಕೊಳ್ಳುವುದೇ ಸರಿ. ಕೊಳ್ಳುವಾಗ ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಅಕ್ಷರ ಇಲ್ಲದ್ದನ್ನು ಆರಿಸಿ, ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಸ್ವಲ್ಪ ಅಗ್ಗ ಎಂದು ಎಫ್ ಇರುವುದನ್ನು ತಂದರೆ ಯಾವುದಕ್ಕಾಗಿ ಕೊಂಡಿರೋ ಅದೇ ಸಿಗುವುದಿಲ್ಲ. ಈ ಸೀಸನ್‌ಗೆ ಹಣ ಹೊಂದದವರು ಪ್ರಾಕ್ಸಿ ಮಾಡಿಕೊಂಡು ಎಡಿಟ್ ಮಾಡಬಹುದು. ಅಂದರೆ ಸಣ್ಣ ಗಾತ್ರದ ನಕಲುಗಳಲ್ಲಿ ಕತ್ತರಿಸಿ ಜೋಡಿಸಿ, ಕೊನೆಗೆ ಮೂಲ ಚಿತ್ರದಿಂದ ಹೊರತೆಗೆಯುವುದು. ಪ್ರೀಮಿಯರ್‌ನಲ್ಲೂ ಡಾವಿಂಚಿ ರಿಸಾಲ್ವ್‌ನಲ್ಲೂ ಆ ಅನುಕೂಲ ಇದೆ.

ಸಿವಿಲ್ ಎಂಜಿನಿಯರ್‌ಗಳು ಬೀಳುವ ಬಲೆ ಇನ್ನೊಂದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನ್‌ನಿಂದಲೋ ಇಂಟೆಲ್‌ನ ಹಳೆಯ ಜಿಯಾನ್ ಪ್ರೊಸೆಸರ್ ಇರುವ "ವರ್ಕ್‌ಸ್ಟೇಷನ್" ಬರುತ್ತದೆ. ಹತ್ತು ಹನ್ನೆರಡು ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ), ಕಡಿಮೆ ಬೆಲೆ. ಆದರೆ ನಕ್ಷೆ ಬರೆಯುವ ತಂತ್ರಾಂಶವಾದ ಆಟೊಕ್ಯಾಡ್‌ನ ಹೆಚ್ಚಿನ ಕೆಲಸ ಒಂದೇ ಕೋರ್‌ನ ಮೇಲೆ ನಡೆಯುತ್ತದೆ. ಉಳಿದ ಹನ್ನೊಂದು ಕೋರ್‌ಗಳು ಸುಮ್ಮನೆ ಕೂತಿರುತ್ತವೆ. 2022ರ ಐ3-12100ರಲ್ಲಿ ನಾಲ್ಕೇ ಕೋರ್ ಇದ್ದರೂ ನಕ್ಷೆ ಬರೆಯುವ ಕೆಲಸದಲ್ಲಿ ಅದು 2012-14ರ ಜಿಯಾನ್‌ಗಳನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಮೂರು ಆಯಾಮದ ಚಿತ್ರಗಳನ್ನು ಪ್ರೊಸೆಸರ್ ಮೇಲೆ ರೆಂಡರ್ ಮಾಡುವವರಿಗೆ ಮಾತ್ರ ಹೆಚ್ಚು ಕೋರ್‌ಗಳಿಂದ ಲಾಭ. ಬ್ರ್ಯಾಂಡೆಡ್ ಹಳೆಯ ವರ್ಕ್‌ಸ್ಟೇಷನ್‌ಗಳಲ್ಲಿ ಇನ್ನೊಂದು ತೊಡಕು, ಅವುಗಳ ಎಸ್‌ಎಂಪಿಎಸ್ (ವಿದ್ಯುತ್ ಕೊಡುವ ಡಬ್ಬಿ) ಮತ್ತು ಬೋರ್ಡು ಎಷ್ಟೋ ಸಲ ಕಂಪನಿಯದೇ ಆಕಾರದವು. ಎಸ್‌ಎಂಪಿಎಸ್ ಸುಟ್ಟರೆ ದಾವಣಗೆರೆಯಲ್ಲಿ ಸಿಗುವ ಮಾಮೂಲಿಯದು ಅದಕ್ಕೆ ಕೂರುವುದಿಲ್ಲ. 260 ಕಿಲೋಮೀಟರ್ ದೂರದಿಂದ ಬಿಡಿಭಾಗ ಬರುವವರೆಗೆ ಕೆಲಸ ನಿಲ್ಲುತ್ತದೆ.

ಹಾಗೆಂದು ಸೆಕೆಂಡ್ ಹ್ಯಾಂಡ್ ಬೇಡವೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಕಂಪನಿಗಳು ನಾಲ್ಕೈದು ವರ್ಷ ಬಳಸಿ ಬಿಟ್ಟ ಕಚೇರಿ ಸಿಸ್ಟಂಗಳಲ್ಲಿ ಎಂಟನೆಯ ತಲೆಮಾರು ಮತ್ತು ಅದಕ್ಕಿಂತ ಈಚಿನವು ಬರುತ್ತಿವೆ. ಬಿಲ್ಲು ಬರೆಸುವ, ಬ್ಯಾಂಕಿನ ಕೆಲಸ ಮಾಡುವ ಕುರ್ಚಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಬಿಲ್ ಇಲ್ಲದೆ ಮಾತ್ರ ತರಬೇಡಿ. ಹೊಸ ಕಂಪ್ಯೂಟರ್ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇದೆ. ಮಾಮೂಲಿ ನೋಂದಣಿ ಇದ್ದು ಸಿಸ್ಟಂ ಅಂಗಡಿಯ ಕೆಲಸಕ್ಕೇ ಬಳಕೆಯಾಗುವುದಾದರೆ ಆ ತೆರಿಗೆಯನ್ನು ನಿಮ್ಮ ಲೆಕ್ಕದಲ್ಲಿ ಹಿಂದಕ್ಕೆ ಪಡೆಯಬಹುದು, ಸಣ್ಣ ವ್ಯಾಪಾರಿಗಳ ಕಾಂಪೋಸಿಷನ್ ಯೋಜನೆಯಲ್ಲಿದ್ದರೆ ಆಗುವುದಿಲ್ಲ. ಒಂದೇ ಬೆಲೆಯ ಸಿಸ್ಟಂ ಅಕ್ಕಪಕ್ಕದ ಎರಡು ಅಂಗಡಿಗಳಿಗೆ ಎರಡು ಬೆಲೆಯಾಗುವುದು ಹೀಗೆ.

ವಿದ್ಯುತ್ ಉಳಿತಾಯದ ಮಾತನ್ನು ಮಾರುವವರು ತಪ್ಪದೆ ಹೇಳುತ್ತಾರೆ. ಹಳೆಯದು ಹೊಸದಕ್ಕಿಂತ 60 ವಾಟ್ ಹೆಚ್ಚು ಎಳೆಯುತ್ತದೆ ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 300 ದಿನವಾದರೆ 180 ಯೂನಿಟ್. ಯೂನಿಟ್‌ಗೆ ಎಂಟು ರೂಪಾಯಿ ಹಿಡಿದರೂ 1,440 ರೂಪಾಯಿ. ಆ ಉಳಿತಾಯದಿಂದ ಹೊಸ ಸಿಸ್ಟಂನ ಸಾಲ ತೀರುವುದಿಲ್ಲ.

ಖರ್ಚಿಲ್ಲದ ಒಂದು ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಮಂಡಕ್ಕಿ ಭಟ್ಟಿಗಳ ಕಡೆಯ ಅಂಗಡಿಯೊಂದರ ಕ್ಯಾಬಿನೆಟ್ ಬಿಚ್ಚಿದಾಗ ಪ್ರೊಸೆಸರ್ ಫ್ಯಾನಿನ ಕೆಳಗೆ ಹೊಟ್ಟಿನ ಬೂದಿ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಪ್ರೊಸೆಸರ್ ನೂರು ಡಿಗ್ರಿಯ ಹತ್ತಿರ ಬಂದಾಗ ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮಾತ್ರ ಸಿಸ್ಟಂ ಸ್ಲೋ ಆಗುತ್ತದೆ ಎಂದು ಅವರು ಹೇಳುತ್ತಿದ್ದುದಕ್ಕೆ ಕಾರಣ ಅದೇ. ಬೂದಿ ಊದಿ, ಪ್ರೊಸೆಸರಿನ ಶಾಖ ದಾಟಿಸುವ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದ ಮೇಲೆ ಅವರು ಕೊಟೇಶನ್ ಹರಿದುಹಾಕಿದರು.

ನನ್ನ ನೆರೆಯ ಅಕ್ಕ ಕೊನೆಗೆ ಮಾಡಿದ್ದು ಹೀಗೆ. ಅವರದು ನಾಲ್ಕನೆಯ ತಲೆಮಾರಿನ ಸಿಸ್ಟಂ. ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದೆವು, ನೆಟ್ ಕೇಬಲ್ ಕಿತ್ತೆವು. ಪೇಜ್‌ಮೇಕರ್, ನುಡಿ, ಹಳೆಯ ಪ್ರಿಂಟರ್ ಎಲ್ಲ ಅಲ್ಲೇ ಉಳಿದವು. ವಾಟ್ಸ್‌ಆ್ಯಪ್, ಇಮೇಲ್, ಬ್ಯಾಂಕು, ಜಿಎಸ್‌ಟಿಗೆಂದು ಒಂಬತ್ತನೆಯ ತಲೆಮಾರಿನ ಬಳಸಿದ ಸಿಸ್ಟಂ ಒಂದನ್ನು ಬಿಲ್ಲಿನ ಸಮೇತ ತಂದೆವು, ಬಯಾಸ್‌ನಲ್ಲಿ ಪಿಟಿಟಿ ಆನ್ ಮಾಡಿ ವಿಂಡೋಸ್ 11 ಹಾಕಿದೆವು. ಎರಡರ ಖರ್ಚು ಸೇರಿದರೂ ಆ ಕೊಟೇಶನ್‌ನ ಅರ್ಧ ದಾಟಲಿಲ್ಲ. ನೆಟ್ ಇಲ್ಲದ ಸಿಸ್ಟಂಗೆ ಕಡತ ಸಾಗಿಸಲು ಒಂದು ಪೆನ್‌ಡ್ರೈವ್ ಮೀಸಲಿಟ್ಟಿದ್ದಾರೆ, ಗಿರಾಕಿಗಳ ಪೆನ್‌ಡ್ರೈವನ್ನು ಅದಕ್ಕೆ ಹಾಕುವುದಿಲ್ಲ.

ಎರಡು ಸಿಸ್ಟಂ ಬೇರೆ ಮಾಡಲು ನಾನು ಒತ್ತಾಯಿಸಿದ್ದಕ್ಕೆ ಅವರ ಡೌನ್‌ಲೋಡ್ಸ್ ಫೋಲ್ಡರೇ ಕಾರಣ. ಜೆರಾಕ್ಸ್, ಪ್ರಿಂಟ್ ಎಂದು ಬಂದ ನೂರಾರು ಜನರ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರದ ಪ್ರತಿಗಳು ವರ್ಷಗಳಿಂದ ಅಲ್ಲಿ ಬಿದ್ದಿದ್ದವು. ಅಪ್‌ಡೇಟ್ ನಿಂತ ವಿಂಡೋಸ್‌ನಲ್ಲಿ, ನೆಟ್‌ಗೆ ತೆರೆದುಕೊಂಡು. ಅವರ ಸಿಸ್ಟಂ ಹಾಳಾದರೆ ಅವರಿಗೆ ನಷ್ಟ, ಆ ಪ್ರತಿಗಳು ಸೋರಿದರೆ ನಷ್ಟ ಗಿರಾಕಿಗಳದು. ಈಗ ಪ್ರತಿ ದಿನ ಬಾಗಿಲು ಹಾಕುವ ಮುನ್ನ ಆ ಫೋಲ್ಡರ್ ಖಾಲಿ ಮಾಡುತ್ತಾರೆ.

ಬೀರುವಿನಲ್ಲಿಟ್ಟ ಹಳೆಯ ಹಾರ್ಡ್ ಡಿಸ್ಕಿನಲ್ಲೂ ಅವೇ ಪ್ರತಿಗಳಿವೆ. ಒಂದು ವರ್ಷ ಎಲ್ಲ ಸರಿಯಾಗಿ ನಡೆದ ಮೇಲೆ, ಅದನ್ನು ಗುಜರಿಯವನ ತಕ್ಕಡಿಗೆ ಹಾಕುವ ಬದಲು, ಪೂರ್ತಿ ಅಳಿಸಿ, ತಟ್ಟೆಗಳಿಗೆ ಡ್ರಿಲ್ ಹೊಡೆಸಿ, ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡುವುದೆಂದು ಅಕ್ಕ ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲೇ ಬರೆದಿಟ್ಟಿದ್ದಾರೆ.